ಮಣ್ಣೆತ್ತೂ ಪೇಟೆಯಿಂದಲೇ ಬರಬೇಕೆ?

ಕೃಷಿ ಪತ್ರಿಕೆಯಲ್ಲಿ ಮೂರು-ನಾಲ್ಕು ವರ್ಷದ ಮಕ್ಕಳ ಆಟದ ಸುದ್ದಿ ಏಕೆ ಎಂದು ಕೆಲವರು ಕೇಳಬಹುದು. ಅಗೆಮಡಿ ಕೆಟ್ಟರೆ ಗದ್ದೆಗೆ ಆಮೇಲೆ ಎಷ್ಟು ಗೊಬ್ಬರ ಸುರಿದರೂ ಅಷ್ಟಕ್ಕಷ್ಟೇ ಎಂಬುದು ಭತ್ತ ಬೆಳೆಯುವ ನಮಗೆ ಯಾರೂ ಹೇಳಿಕೊಡಬೇಕಿಲ್ಲ. ಅದೇ ನಾವು, ನಮ್ಮ ಮನೆಯ ಅಗೆಮಡಿಯನ್ನು ಮಾತ್ರ ವ್ಯಾನಿಗೋ ಮೊಬೈಲಿಗೋ ಒಪ್ಪಿಸಿ ಕೈತೊಳೆದುಕೊಳ್ಳುತ್ತಿದ್ದೇವೆ. ಈ ವಿಚಾರ ನಮ್ಮ ಕಟ್ಟೆಯ ಮೇಲೆ ಚರ್ಚೆಗೆ ಬರಬೇಕು ಎಂಬುದೇ ಈ ಬರಹದ ಉದ್ದೇಶ.

ನಾನು ಹಳಿಯಾಳ-ಮುಂಡಗೋಡ ಸೆರಗಿನವನು. ಭತ್ತ, ಗೋವಿನಜೋಳ, ಈಚೆಗೆ ಒಂದಿಷ್ಟು ಅಡಿಕೆ. ಕೆಲಸದ ಮೇಲೆ ಜೋಯಿಡಾ, ದಾಂಡೇಲಿ ಕಡೆಗೂ ಓಡಾಟ ಇದೆ. ನಾಲ್ಕೂ ಕಡೆ ಮಕ್ಕಳ ಸ್ಥಿತಿ ನಾಲ್ಕು ಥರ. ಹಳಿಯಾಳ, ಮುಂಡಗೋಡದ ಬಯಲು ಊರುಗಳಿಗೆ ಬೆಳಗಾದರೆ ಖಾಸಗಿ ನರ್ಸರಿ ವ್ಯಾನು ಬರುತ್ತದೆ. ಮೂರು ತುಂಬದ ಕೂಸು ಬೂಟು ಹಾಕಿಕೊಂಡು, ಅರೆನಿದ್ದೆಯಲ್ಲಿ ಹತ್ತಿ ಕೂಡುತ್ತದೆ. ದಾಂಡೇಲಿಯಲ್ಲಿ ಕಾರ್ಖಾನೆ ಶಿಫ್ಟು, ಹೋಂ ಸ್ಟೇ ಕೆಲಸ. ಅಪ್ಪ ಅಮ್ಮ ಇಬ್ಬರೂ ಹೊರಗೆ, ಅಜ್ಜಿಯ ಕೈಯಲ್ಲಿ ಮಗು, ಮಗುವಿನ ಕೈಯಲ್ಲಿ ಮೊಬೈಲು. ಕಬ್ಬು ಕಡಿಯುವ ಕಾಲಕ್ಕೆ ಹೊರಗಿನಿಂದ ಬರುವ ಗ್ಯಾಂಗಿನ ಮಕ್ಕಳಿಗೆ ಹೊಲದ ಬದುವೇ ಬಾಲವಾಡಿ. ಇನ್ನು ಜೋಯಿಡಾ. ಸುಮಾರು 1,900 ಚದರ ಕಿಲೋಮೀಟರು ಕಾಡು ಬೆಟ್ಟದ ತಾಲೂಕಿನಲ್ಲಿ ಇರುವ ಜನ 50 ಸಾವಿರದ ಆಸುಪಾಸು. ಇಲ್ಲಿ ನಾಲ್ಕು ಮನೆ, ಗುಡ್ಡ ದಾಟಿದರೆ ಅಲ್ಲಿ ಆರು ಮನೆ. ಮೂರು ವರ್ಷದ ಕೂಸನ್ನು ಮಳೆಗಾಲದಲ್ಲಿ ಹಳ್ಳ ದಾಟಿಸಿ ಅಂಗನವಾಡಿಗೆ ಕಳಿಸುವ ಧೈರ್ಯ ಯಾವ ತಾಯಿಗೂ ಬಾರದು.

ಸ್ಥಿತಿ ನಾಲ್ಕು ಥರ ಇದ್ದರೂ ಕೊರತೆ ಒಂದೇ. ಮಗುವಿನ ಜೊತೆ ಕೂತು, ಕೈಯಲ್ಲಿ ಏನಾದರೂ ಮಾಡುತ್ತ, ಮಾತಾಡುತ್ತ ಆಡುವ ದೊಡ್ಡವರು ಕಡಿಮೆಯಾಗಿದ್ದಾರೆ.

ಹಿರಿಯರು ಹಾಕಿಟ್ಟ ಪಠ್ಯಕ್ರಮ

ನಮ್ಮ ಬಯಲು ಸೀಮೆಯ ಮಳೆಗಾಲದ ಹಬ್ಬಗಳನ್ನು ಸಾಲಾಗಿ ಇಟ್ಟು ನೋಡಿ. ಕಾರ ಹುಣ್ಣಿಮೆಗೆ ಎತ್ತಿನ ಮೈ ತೊಳೆದು ಕೊಂಬಿಗೆ ಬಣ್ಣ. ಅದರ ಹದಿನೈದನೇ ದಿನಕ್ಕೆ ಮಣ್ಣೆತ್ತಿನ ಅಮಾವಾಸ್ಯೆ. ಆಷಾಢದ ಮಂಗಳವಾರಗಳಲ್ಲಿ ಗುಳ್ಳವ್ವ. ಶ್ರಾವಣದ ಪಂಚಮಿಗೆ ಜೋಕಾಲಿ. ಭಾದ್ರಪದದಲ್ಲಿ ಗಣಪತಿ. ಮೂರು ತಿಂಗಳಲ್ಲಿ ಮೂರು ಸಲ ಮಣ್ಣು ಕಲಸುವ ಕೆಲಸ, ಒಮ್ಮೆ ಬಣ್ಣ, ಒಮ್ಮೆ ಹಗ್ಗ. ಎಲ್ಲವೂ ದೊಡ್ಡವರೂ ಸಣ್ಣವರೂ ಕೂಡಿಯೇ ಮಾಡುವಂಥವು. ಇದನ್ನು ಯಾವ ತಜ್ಞರ ಸಮಿತಿಯೂ ಕೂತು ಬರೆದದ್ದಲ್ಲ. ಆದರೆ ಇಷ್ಟು ಚೆನ್ನಾಗಿ ಹೊಂದಿಸಿದ ಶಿಶುಶಿಕ್ಷಣ ಬೇರೆಲ್ಲಿದೆಯೋ ನನಗೆ ಕಾಣದು.

ಮಣ್ಣೆತ್ತನ್ನೇ ತೆಗೆದುಕೊಳ್ಳೋಣ. ಕೆರೆಯ ಜೇಡಿಯೋ ಹೊಲದ ಎರೆಯೋ ತರಬೇಕು. ಕಲ್ಲು, ಬೇರು ಆರಿಸಬೇಕು. ನೀರು ಹಾಕಿ ನೆನೆಸಿ ಹದ ಬರುವ ತನಕ ನಾದಬೇಕು. ಎರಡು ವರ್ಷದ ಕೂಸು ಮಣ್ಣನ್ನು ಬರೀ ಬಡಿಯುತ್ತದೆ, ಹಿಚುಕುತ್ತದೆ. ಆ ವಯಸ್ಸಿಗೆ ಅದೇ ಕೆಲಸ. ಮೂರರದು ಅಂಗೈ ನಡುವೆ ಹೊಸೆದು ಹಾವು ಮಾಡುತ್ತದೆ, ಉಂಡೆ ಕಟ್ಟುತ್ತದೆ. ನಾಲ್ಕರದು ಆ ಹಾವನ್ನೇ ತುಂಡು ಮಾಡಿ ನಾಲ್ಕು ಕಾಲು ಹಚ್ಚುತ್ತದೆ. ಅದು ನಿಲ್ಲುವುದಿಲ್ಲ, ಬೀಳುತ್ತದೆ. 'ಯಾಕ ಬಿತ್ತು?' ಎಂದು ಕೇಳಿದರೆ ತಾನೇ ನೋಡಿ ಕಾಲು ದಪ್ಪ ಮಾಡುತ್ತದೆ. ಐದರ ಮಗು ಜೋಡಿ ಎತ್ತು, ಗೋದಲಿ, ಅದರೊಳಗೆ ಮೇವು ಎಲ್ಲ ಮಾಡುತ್ತದೆ. ಹೊಸೆಯುವ, ಚಿವುಟುವ, ಒತ್ತುವ ಈ ಕೆಲಸದಿಂದಲೇ ಬೆರಳಿಗೆ ಶಕ್ತಿ ಬರುವುದು. ಪೆನ್ಸಿಲ್ ಹಿಡಿಯುವುದು ಆಮೇಲಿನ ಮಾತು. ಬೆರಳು ಬಲಿಯುವ ಮೊದಲೇ ಬಳಪ ಕೊಟ್ಟು ಎಬಿಸಿಡಿ ತಿದ್ದಿಸುವುದೆಂದರೆ ಕರುವಿನ ಹೆಗಲಿಗೆ ನೊಗ ಇಟ್ಟಂತೆ.

ಬೆರಳಿನಷ್ಟೇ ಮುಖ್ಯವಾದದ್ದು ಮಾತು. ಮಣ್ಣು ನಾದುವಾಗ ಅಜ್ಜ ಸುಮ್ಮನೆ ಕೂರುವುದಿಲ್ಲ. 'ಇದು ಯಾವ ಎತ್ತೋ? ಬಲಗಡೆದೋ ಎಡಗಡೆದೋ? ಇದರ ಕೋಡು ಎತ್ತಾಗ ಹೊಳ್ಳೇದ? ಇದಕ್ಕ ಹೆಸರು ಏನಿಡೂಣು?' ಎಂದು ಕೇಳುತ್ತಾನೆ. ಮಗು ಉತ್ತರ ಹುಡುಕುತ್ತದೆ. ಒಂದು ಗಂಟೆಯಲ್ಲಿ ಹದ, ದಪ್ಪ, ಸಪೂರ, ಜೋಡಿ, ಒಂಟಿ, ಹಸಿ, ಒಣ ಎಂಬ ಎಷ್ಟೋ ಶಬ್ದಗಳು ಕೈಗೆ ಹತ್ತಿದ ಮಣ್ಣಿನ ಜೊತೆಗೇ ತಲೆಗೆ ಹೋಗುತ್ತವೆ. ಗೋಡೆಗೆ ತೂಗುಹಾಕಿದ ಚಾರ್ಟಿನಿಂದ ಇದು ಬರುವಂಥದ್ದಲ್ಲ.

ಈಗ ಏನಾಗಿದೆ? ಅಮಾವಾಸ್ಯೆಯ ಹಿಂದಿನ ದಿನ ಸಂತೆಗೆ ಹೋಗಿ ಅಚ್ಚಿನಲ್ಲಿ ಒತ್ತಿದ, ಎಣ್ಣೆಬಣ್ಣ ಬಳಿದ ಜೋಡಿ ತರುತ್ತೇವೆ. ಮಗು ಮುಟ್ಟಿದರೆ 'ಏ, ಮುರೀತೈತಿ, ಮುಟ್ಟಬ್ಯಾಡ' ಅನ್ನುತ್ತೇವೆ. ಮಾಡಿ ಕಲಿಯುವ ಹಬ್ಬ ನೋಡಿ ಸುಮ್ಮನಿರುವ ಹಬ್ಬವಾಗಿದೆ. ಕೊಟ್ಟಿಗೆಯಲ್ಲಿ ಎತ್ತಿಲ್ಲ, ಟ್ರ್ಯಾಕ್ಟರ್ ಬಂದಿದೆ ಎಂಬುದು ನಿಜ. ಹಾಗಿದ್ದರೆ ಮಗು ಮಣ್ಣಿನ ಟ್ರ್ಯಾಕ್ಟರೇ ಮಾಡಲಿ, ಅಡ್ಡಿಯಿಲ್ಲ. ಕೈಗೆ ಮಣ್ಣು ಹತ್ತಬೇಕು, ಪಕ್ಕದಲ್ಲಿ ದೊಡ್ಡವರೊಬ್ಬರು ಇರಬೇಕು, ಅಷ್ಟೇ.

ಬೇರೆ ಕಡೆ ಕಂಡದ್ದು

ಇದು ಹಳೆಯ ಕಾಲದ ಗುಂಗು ಎನ್ನುವವರಿಗಾಗಿ ಎರಡು ಉದಾಹರಣೆ ಹೇಳುತ್ತೇನೆ.

ವೆಸ್ಟ್ ಇಂಡೀಸಿನ ಜಮೈಕಾ ದೇಶದ ಕಿಂಗ್‌ಸ್ಟನ್ ನಗರದ ಬಡ ಕೇರಿಗಳಲ್ಲಿ 1986-87ರಲ್ಲಿ ಒಂದು ಪ್ರಯೋಗ ಶುರುವಾಯಿತು. ಬೆಳವಣಿಗೆ ಕುಂಠಿತವಾಗಿದ್ದ, ಎರಡು ವರ್ಷದೊಳಗಿನ 129 ಮಕ್ಕಳನ್ನು ಆರಿಸಿಕೊಂಡರು. ಅವರಲ್ಲಿ ಕೆಲವರ ಮನೆಗೆ ಆರೋಗ್ಯ ಕಾರ್ಯಕರ್ತೆ ವಾರಕ್ಕೊಮ್ಮೆ ಹೋಗಿ, ಮನೆಯ ಬೇಡದ ಸಾಮಾನಿನಿಂದ ಮಾಡಿದ ಆಟಿಕೆ ಇಟ್ಟುಕೊಂಡು, ಮಗುವಿನ ಜೊತೆ ಹೇಗೆ ಆಡಬೇಕೆಂದು ತಾಯಿಗೆ ತೋರಿಸುತ್ತಿದ್ದಳು. ಒಂದು ಗಂಟೆಯ ಕೆಲಸ, ಎರಡು ವರ್ಷ. ಸ್ಯಾಲಿ ಗ್ರಂಥಾಮ್ ಮೆಕ್‌ಗ್ರೆಗರ್ ಎಂಬ ವೈದ್ಯೆ ಇದರ ಮುಂದಾಳು. ಇಪ್ಪತ್ತು ವರ್ಷದ ಮೇಲೆ ಅದೇ ಮಕ್ಕಳನ್ನು ಹುಡುಕಿ ನೋಡಿದರು. ಆಟದ ಭಾಗ್ಯ ಸಿಕ್ಕವರ ಗಳಿಕೆ ಸಿಗದವರಿಗಿಂತ ನೂರಕ್ಕೆ 25ರಷ್ಟು ಹೆಚ್ಚಿತ್ತು. 2014ರಲ್ಲಿ ಈ ಲೆಕ್ಕ ಪ್ರಕಟವಾಯಿತು. ಯಾವ ತಳಿ, ಯಾವ ಗೊಬ್ಬರ ಇಷ್ಟು ಕಡಿಮೆ ಖರ್ಚಿಗೆ ಇಷ್ಟು ಇಳುವರಿ ಕೊಟ್ಟೀತು?

ಎರಡನೆಯದು ನಮ್ಮ ದೇಶದ್ದೇ. ಒಡಿಶಾದ 192 ಹಳ್ಳಿಗಳಲ್ಲಿ ಇದೇ ಆಟವನ್ನು ಎರಡು ರೀತಿ ಮಾಡಿ ನೋಡಿದರು. ಕೆಲವು ಹಳ್ಳಿಗಳಲ್ಲಿ ಮನೆಮನೆಗೆ ಹೋಗಿ, ಇನ್ನು ಕೆಲವು ಹಳ್ಳಿಗಳಲ್ಲಿ ತಾಯಿ-ಮಕ್ಕಳನ್ನು ಒಂದು ಕಡೆ ಗುಂಪಾಗಿ ಸೇರಿಸಿ. 2020ರಲ್ಲಿ ಫಲಿತಾಂಶ ಬಂತು. ಗುಂಪಿನಲ್ಲಿ ಆಡಿದ ಮಕ್ಕಳೂ ಮನೆಯಲ್ಲಿ ಆಡಿದವರಷ್ಟೇ ಚುರುಕಾಗಿದ್ದರು. ಗುಂಪಿನ ಖರ್ಚು ಮನೆಭೇಟಿಯ ಮೂರನೇ ಒಂದಕ್ಕಿಂತಲೂ ಕಡಿಮೆ. ಹತ್ತು ತಾಯಂದಿರು ಒಂದು ಅಂಗಳದಲ್ಲಿ ಕೂಡಿದರೆ ಸಾಕು ಎಂಬುದಕ್ಕೆ ಇದಕ್ಕಿಂತ ಪುರಾವೆ ಬೇಡ.

ಅಂಗಳದ ಮಾತು ಬಂದದ್ದಕ್ಕೆ ಇನ್ನೊಂದು ಹೇಳಬೇಕು. ಮಹಾರಾಷ್ಟ್ರದ ಬೋರ್ಡಿಯಲ್ಲಿ 1945ರಲ್ಲಿ ತಾರಾಬಾಯಿ ಮೋಡಕ್ ಅವರು ಅನುತಾಯಿ ವಾಘ್ ಜೊತೆ ಸೇರಿ ಹಳ್ಳಿಯ ಬಾಲವಾಡಿ ಕಟ್ಟಿದರು. ಮುಂದೆ ಹತ್ತಿರದ ಕೋಸಬಾಡ ಗುಡ್ಡಕ್ಕೆ ಹೋಗಿ ವಾರ್ಲಿ ಆದಿವಾಸಿ ಮಕ್ಕಳ ನಡುವೆ ಕೆಲಸ ಮಾಡಿದರು. ಮಾಂಟೆಸ್ಸರಿ ಸಾಮಾನಿನ ಬೆಲೆ ಹಳ್ಳಿಗೆ ಎಟುಕದು ಎಂದು ಕಲ್ಲು, ಬೀಜ, ಎಲೆಗಳನ್ನೇ ಸಾಮಾನು ಮಾಡಿಕೊಂಡರು. ಮಕ್ಕಳು ಶಾಲೆಗೆ ಬರಲಿಲ್ಲವೆಂದರೆ ಶಾಲೆಯೇ ಅವರ ಅಂಗಳಕ್ಕೆ ಹೋಗಬೇಕು, ದನ ಕಾಯುವ ಬಯಲಿಗೂ ಹೋಗಬೇಕು ಎಂಬುದು ತಾರಾಬಾಯಿ ಅವರ ನಿಲುವು. ಅಂಗನವಾಡಿ ಎಂಬ ಹೆಸರಿನ ಬೇರು ಅಲ್ಲಿದೆ. ಸರಕಾರದ ಶಿಶು ಅಭಿವೃದ್ಧಿ ಯೋಜನೆ ಬಂದದ್ದು 1975ರ ಅಕ್ಟೋಬರ್ 2ರಂದು. ದೇಶದ ಮೊದಲ 33 ಕಡೆಗಳಲ್ಲಿ ನಮ್ಮ ಟಿ. ನರಸೀಪುರವೂ ಒಂದು. ಅಂಗಳದ ಹೆಸರು ಹೊತ್ತ ಸಂಸ್ಥೆ ಇವತ್ತು ಕಟ್ಟಡ, ಮೊಟ್ಟೆ, ರಜಿಸ್ಟರು, ಮೊಬೈಲ್ ಆಪ್ ಇವುಗಳಲ್ಲಿ ಸಿಕ್ಕಿಕೊಂಡಿದೆ. ಕಾರ್ಯಕರ್ತೆಯನ್ನು ದೂರಿ ಫಲವಿಲ್ಲ. ತೂಕ, ಲಸಿಕೆ, ಸಮೀಕ್ಷೆ, ಚುನಾವಣೆ ಎಲ್ಲ ಅವಳ ತಲೆಗೇ ಕಟ್ಟಿ, ಇಪ್ಪತ್ತು ಮಕ್ಕಳ ಜೊತೆ ನೀನೇ ಆಡು ಅಂದರೆ ಹೇಗೆ?

ನಮ್ಮ ಕಾಡು, ನಮ್ಮ ಹೊಲದ ಸಾಮಾನು

ನಮ್ಮ ನಾಲ್ಕು ತಾಲೂಕುಗಳಲ್ಲಿ ಆಟದ ಸಾಮಾನಿಗೆ ಬರ ಇಲ್ಲ.

ಮುಂಡಗೋಡ, ಹಳಿಯಾಳದ ಸಿದ್ದಿ ಹೆಂಗಸರ ಕವದಿ ಇವತ್ತು ಪರದೇಶದ ತನಕ ಹೆಸರಾಗಿದೆ. ಹಳೆ ಸೀರೆ, ಅಂಗಿಯ ತುಂಡುಗಳನ್ನು ಅಂಚಿನಿಂದ ಒಳಕ್ಕೆ ಸಾಲಾಗಿ ಹೊಲಿಯುತ್ತ ಬರುತ್ತಾರೆ. ಮೂಲೆಗೆ ಮಡಿಚಿದ ತ್ರಿಕೋನದ ತುಂಡು, ಅದಕ್ಕೆ ಫೂಲ ಅನ್ನುತ್ತಾರೆ. ಫೂಲ ಇಲ್ಲದ ಕವದಿ ಬತ್ತಲೆ ಎಂಬ ಮಾತಿದೆ. ಕವದಿ ಹಾಸಿ ಕೂತಾಗ ಪಕ್ಕದ ಮಗುವಿಗೆ ತುಂಡುಗಳ ಗಂಟು ಬಿಚ್ಚಿ ಕೊಡಿ. ಕೆಂಪು ಒಂದು ಕಡೆ, ಹಸಿರು ಒಂದು ಕಡೆ. ದೊಡ್ಡದು, ಸಣ್ಣದು. ಬಳಿಕ ಚೌಕದಿಂದ ತ್ರಿಕೋನ ಮಡಿಚುವುದು. ಸೂಜಿ ಅಜ್ಜಿಯ ಕೈಯಲ್ಲೇ ಇರಲಿ. ದುಬಾರಿ ಶಾಲೆಯಲ್ಲಿ ಇದೇ ಪಾಠಕ್ಕೆ ಪ್ಲಾಸ್ಟಿಕ್ ಸಾಮಾನು ಕೊಡುತ್ತಾರೆ.

ಜೋಯಿಡಾದ ಕುಣಬಿ ಮನೆಗಳಲ್ಲಿ ಗೆಡ್ಡೆ ಗೆಣಸಿನ ತಳಿ ಎಷ್ಟಿದೆ ಎಂಬುದನ್ನು ಅಲ್ಲಿಯ ಗೆಡ್ಡೆ ಮೇಳ ನೋಡಿದವರು ಬಲ್ಲರು. ಅಗೆದು ತಂದ ರಾಶಿಯನ್ನು ಬೇರ್ಪಡಿಸುವಾಗ ಮಗುವಿಗೂ ಒಂದು ಬುಟ್ಟಿ ಕೊಡಿ. ಉದ್ದಂದು, ಗುಂಡಂದು, ಕೂದಲಿದ್ದದ್ದು, ನುಣ್ಣನೆಯದು. ಕೆಸುವಿನ ಜಾತಿ ಹಸಿಯಾಗಿ ಕೈ ಬಾಯಿ ತುರಿಸುತ್ತದೆ, ಅದನ್ನು ಮಾತ್ರ ದೂರ ಇಡಿ. ಹೀಗೆ ಆಡುತ್ತ ಬೆಳೆದ ಮಗುವಿಗೆ ತಳಿಯ ಹೆಸರು ಮರೆಯುವುದಿಲ್ಲ. ತಳಿ ಉಳಿಸುವ ಕೆಲಸವೂ ಆಯಿತು.

ಉಳಿದಂತೆ ತೆಂಗಿನ ಗರಿಯ ಪೀಪಿ, ಹಾವು, ಗಡಿಯಾರ. ಹಲಸಿನೆಲೆಯ ಕಿರೀಟ. ಜೋಳದ ದಂಟಿನ ಬಂಡಿ. ಗೋವಿನಜೋಳದ ಸಿಪ್ಪೆಯ ಗೊಂಬೆ. ಅಡಿಕೆ ಹಾಳೆಯ ಮೇಲೆ ಕೂರಿಸಿ ಎಳೆಯುವ ಸವಾರಿ. ಬಿದಿರ ಕೊಳವೆಯಲ್ಲಿ ನೀರು ಹರಿಸುವುದು. ಇವುಗಳಲ್ಲಿ ಅರ್ಧ ದೊಡ್ಡವರೇ ಮಾಡಿಕೊಡಬೇಕು. ಆ ಅರ್ಧವೇ ಮುಖ್ಯ. ಅಪ್ಪ ದಂಟು ಸೀಳುವುದನ್ನು ಬಾಯಿ ತೆರೆದು ನೋಡುವ ಮಗು ಅಷ್ಟು ಹೊತ್ತಿನಲ್ಲಿ ಕಲಿಯುವುದು ಕಡಿಮೆಯಲ್ಲ.

ಎಚ್ಚರಿಕೆ ಬೇಕೇ ಬೇಕು

ಮನೆಯ ಸಾಮಾನೆಂದರೆ ಎಲ್ಲವೂ ಕ್ಷೇಮ ಎಂದು ನಾನು ಹೇಳುತ್ತಿಲ್ಲ. ಇಲ್ಲಿ ಕಟ್ಟುನಿಟ್ಟಾಗಿರಬೇಕು.

ಗುಲಗಂಜಿ ನೋಡಲು ಚಂದ, ಮಣ್ಣೆತ್ತಿನ ಕಣ್ಣಿಗೆ ಒಪ್ಪುತ್ತದೆ. ಆದರೆ ಅಗಿದು ನುಂಗಿದರೆ ಕಡು ವಿಷ. ಔಡಲ ಬೀಜ, ಬೇಲಿಯ ಕಾಡುಹರಳು ಬೀಜವೂ ವಿಷವೇ. ಇವು ಮೂರೂ ಆಟಕ್ಕೆ ಬೇಡ. ಕಣ್ಣಿಗೆ ಜೋಳದ ಕಾಳು ಸಾಕು. ಅದೂ ಮೂರು ದಾಟಿದ ಮಕ್ಕಳಿಗೆ. ಮೂರರೊಳಗಿನವರಿಗೆ ಶೇಂಗಾ, ಹುಣಸೆ ಬೀಜ, ಕಾಳು, ಗುಂಡಿ ಯಾವುದನ್ನೂ ಕೊಡಬಾರದು, ಶ್ವಾಸನಾಳಕ್ಕೆ ಹೋದರೆ ಪ್ರಾಣಕ್ಕೆ ಸಂಚಕಾರ. ಪೇಟೆಯ ಬೆಳಕು-ಸದ್ದಿನ ಆಟಿಕೆಯ ಗುಂಡು ಸೆಲ್ಲು ನುಂಗಿದರೆ ಕೆಲವೇ ತಾಸಿನಲ್ಲಿ ಅನ್ನನಾಳ ಸುಡುತ್ತದೆ. ಹಾಗಾದರೆ ಮನೆಮದ್ದು ಮಾಡುತ್ತ ಕೂರದೆ ನೇರ ದೊಡ್ಡಾಸ್ಪತ್ರೆಗೆ ಓಡಬೇಕು.

ಎಲ್ಲಕ್ಕಿಂತ ಮುಖ್ಯ ಮಾತು ನಮ್ಮ ಕೃಷಿಕರಿಗೇ ಸಂಬಂಧಿಸಿದ್ದು. ಖಾಲಿ ಕೀಟನಾಶಕದ ಡಬ್ಬಿ, ಕಳೆನಾಶಕದ ಕ್ಯಾನು ಎಷ್ಟು ತೊಳೆದರೂ ಆಟಿಕೆಯಲ್ಲ, ನೀರಿನ ಚೊಂಬೂ ಅಲ್ಲ. ಹೊಲದ ಬದುವಿನಲ್ಲಿ ಮಕ್ಕಳು ಅವುಗಳಲ್ಲಿ ಮಣ್ಣು ತುಂಬಿ ಅಡುಗೆಯಾಟ ಆಡುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಡಬ್ಬಿ ಚುಚ್ಚಿ ತೂತು ಮಾಡಿ, ಕೈಗೆ ಸಿಗದಂತೆ ಇಡುವುದು ಸಿಂಪಡಣೆ ಮಾಡಿದವನ ಹೊಣೆ. ಉಳಿದ ಔಷಧಿಯನ್ನು ತಂಪು ಪಾನೀಯದ ಬಾಟಲಿಗೆ ಸುರಿದಿಡುವ ಚಾಳಿಯಂತೂ ಇವತ್ತೇ ನಿಲ್ಲಬೇಕು.

ಯಾವ ಭಾಷೆಯಲ್ಲಿ ಆಡಬೇಕು?

ನಮ್ಮ ಸೀಮೆಯ ವಿಶೇಷವೇ ಭಾಷೆ. ಕುಣಬಿಗಳ ಮನೆಯಲ್ಲಿ ಕೊಂಕಣಿ, ಗೌಳಿಗಳಲ್ಲಿ ಮರಾಠಿ, ಸಿದ್ದಿಗಳಲ್ಲಿ ಕೊಂಕಣಿಯೂ ಮರಾಠಿಯೂ ಬೆರೆತ ಮಾತು, ಬಯಲಿನಲ್ಲಿ ಕನ್ನಡ, ಉರ್ದು. ಮುಂಡಗೋಡದಲ್ಲಿ 1966ರಿಂದ ಟಿಬೆಟನ್ನರ ಕ್ಯಾಂಪು. ಅಂಗನವಾಡಿ ಹೊಸ್ತಿಲು ದಾಟಿದ ಕೂಡಲೇ ಮಗುವಿಗೆ ಸುತ್ತಲ ಮಾತು ತಿಳಿಯದಾದರೆ ಅದು ಮೂಲೆ ಹಿಡಿಯುತ್ತದೆ. ಅದನ್ನೇ ನಾವು 'ಮಂದ' ಎನ್ನುತ್ತೇವೆ. ಅದು ಮಂದ ಅಲ್ಲ, ಮಾತಿಲ್ಲದ್ದು. ತಾಯಿಯೋ ಅಜ್ಜಿಯೋ ಜೊತೆಗೆ ಕೂತು ಮಣ್ಣು ಕಲಸುತ್ತ ತಮ್ಮ ಭಾಷೆಯಲ್ಲೇ ಮಾತಾಡಿದರೆ ಮಗು ಬಾಯಿ ಬಿಡುತ್ತದೆ. ಪಕ್ಕದ ಕನ್ನಡದ ಮಗುವಿನ ಜೊತೆ ಆಡುತ್ತ ಕನ್ನಡವೂ ಬರುತ್ತದೆ. ಕನ್ನಡ ಬೆಳೆಯಬೇಕು ಎನ್ನುವವನು ನಾನೂ ಹೌದು. ಆದರೆ ಮನೆಮಾತು ಮುಚ್ಚಿಸಿ ಕನ್ನಡ ಕಲಿಸಲಾಗದು.

'ಪುರುಸೊತ್ತೆಲ್ಲಿ ಐತ್ರೀ?'

ನಾನು ಈ ಮಾತೆತ್ತಿದಾಗೆಲ್ಲ ಮೊದಲು ಬರುವ ಉತ್ತರ ಇದು. ಬಿತ್ತನೆ, ಕಳೆ, ಕೊಯ್ಲು, ಮೇಲೆ ಹಾಲು ಕರೆಯುವುದು. ಹೆಂಗಸರಿಗಂತೂ ಉಸಿರಾಡಲು ಪುರುಸೊತ್ತಿಲ್ಲ. ಒಪ್ಪುತ್ತೇನೆ. ಅದಕ್ಕೇ ಈ ಕೆಲಸ ಹೆಂಗಸರದು ಮಾತ್ರ ಆಗಬಾರದು ಎನ್ನುವುದು ನನ್ನ ವಾದ. ಕಟ್ಟೆಯ ಮೇಲೆ ಎಲೆಯಡಿಕೆ ಹಾಕುತ್ತ ರಾಜಕೀಯ ಮಾತಾಡುವ ಗಂಡಸರಿಗೆ, ಅಜ್ಜಂದಿರಿಗೆ ಹದಿನೈದು ದಿನಕ್ಕೆ ಎರಡು ತಾಸು ಸಿಗದೇ? ನಮ್ಮ ಕಡೆ ಸೋಮವಾರ ಎತ್ತಿಗೆ ನೊಗ ಹೂಡುವುದಿಲ್ಲ. ಎತ್ತಿಗೆ ಬಿಡುವು ಕೊಟ್ಟ ದಿನ ಮಗುವಿಗೆ ಸಮಯ ಕೊಟ್ಟರಾಯಿತು.

ಎರಡನೇ ಉತ್ತರ, 'ಅದಕ್ಕಂತಲೇ ಅಂಗನವಾಡಿ ಐತಲ್ಲ'. ಇದೆ, ಎಲ್ಲ ಕಡೆ ಅಲ್ಲ. ಗುಡ್ಡಗಾಡಿನಲ್ಲಿ 300 ಜನಕ್ಕೆ ಒಂದು ಅಂಗನವಾಡಿ, 150 ಜನಕ್ಕೆ ಒಂದು ಮಿನಿ ಅಂಗನವಾಡಿ ಎಂಬುದು ಸರಕಾರ ಇಟ್ಟುಕೊಂಡ ಅಳತೆ. ಆರು ವರ್ಷದೊಳಗಿನ 40 ಮಕ್ಕಳಿದ್ದ ವಸತಿ ಕೇಳಿದರೆ ಮೂರು ತಿಂಗಳಲ್ಲಿ ಕೊಡಬೇಕೆಂದು ಸುಪ್ರೀಂ ಕೋರ್ಟು 2006ರ ಡಿಸೆಂಬರಿನಲ್ಲಿ ಹೇಳಿತು. ಜೋಯಿಡಾದ ಆರು ಮನೆಯ ಕೊಪ್ಪದಲ್ಲಿ 40 ಮಕ್ಕಳನ್ನು ಎಲ್ಲಿಂದ ತರುವುದು? ಬಯಲಿನ ಅಳತೆಕೋಲನ್ನು ತುಸು ಗಿಡ್ಡ ಮಾಡಿದರೆ ಕಾಡಿಗೆ ಹೊಂದದು. ಮನೆಯ ಎಣಿಕೆ ಬಿಟ್ಟು, ಮೂರು ವರ್ಷದ ಮಗು ನಡೆಯಬಲ್ಲ ದೂರವನ್ನು ಅಳತೆ ಮಾಡಿಕೊಳ್ಳಿ ಎಂದು ನಮ್ಮ ಪಂಚಾಯ್ತಿಗಳು ಠರಾವು ಮಾಡಿ ಕಳಿಸಬೇಕು. ಉದ್ಯೋಗ ಖಾತರಿ ಕೆಲಸಕ್ಕೆ ಹೋಗುವ ತಾಯಂದಿರ ಮಕ್ಕಳಿಗಾಗಿ ರಾಜ್ಯದಲ್ಲಿ 2023ರಲ್ಲಿ ಶುರುವಾದ 'ಕೂಸಿನ ಮನೆ' ಒಳ್ಳೆಯ ವಿಚಾರವೇ. ಅದೂ ಪಂಚಾಯ್ತಿಗೊಂದು ಎಂದಾದರೆ ದೂರದ ಕೊಪ್ಪಗಳಿಗೆ ಮುಟ್ಟುವುದಿಲ್ಲ.

ಮೂರನೆಯದು ಇಂಗ್ಲೀಷಿನ ಆಸೆ. ಮಗ ನಮ್ಮ ಹಾಗೆ ಮಣ್ಣು ಹೊರಬಾರದು ಎಂದು ತಂದೆ ತಾಯಿ ಒಂದು ಎಮ್ಮೆಯ ವರ್ಷದ ಹಾಲಿನ ದುಡ್ಡನ್ನು ಫೀಜಿಗೆ ಕಟ್ಟುತ್ತಾರೆ. ಆಸೆಯನ್ನು ನಾನು ಹಳಿಯುವುದಿಲ್ಲ. ಆದರೆ 2020ರ ರಾಷ್ಟ್ರೀಯ ಶಿಕ್ಷಣ ನೀತಿಯೇ ಮೂರರಿಂದ ಎಂಟರ ತನಕ ಆಟದ ಮೂಲಕ ಕಲಿಕೆ ಎನ್ನುತ್ತದೆ. 2023ರಲ್ಲಿ ಕೇಂದ್ರ ಸರಕಾರ 'ಜಾದೂಯಿ ಪಿಟಾರಾ' ಎಂಬ ಆಟಿಕೆಯ ಪೆಟ್ಟಿಗೆಯನ್ನೇ ಹೊರತಂದಿತು. ಗೊಂಬೆ, ಒಗಟು, ಆಟ, ಅದರೊಳಗೆ ಇರುವುದು ಅವೇ. ದಿಲ್ಲಿಯವರು ಪೆಟ್ಟಿಗೆಯಲ್ಲಿ ತುಂಬಿ ಕಳಿಸುವುದನ್ನು ನಮ್ಮ ಅಜ್ಜಿ ಸೆರಗಿನಲ್ಲಿ ಕಟ್ಟಿಕೊಂಡಿದ್ದಾಳೆ. ಅದನ್ನು ಬಿಟ್ಟು ನಾವು ವ್ಯಾನಿನ ಹಿಂದೆ ಓಡುತ್ತಿದ್ದೇವೆ.

ಹೀಗೆ ಮಾಡಬಹುದು

ನಮ್ಮ ಓಣಿಯಲ್ಲಿ ಕೆಲವು ಮನೆಯವರು ಕೂಡಿ ಹದಿನೈದು ದಿನಕ್ಕೊಮ್ಮೆ ಆಟದ ಸೋಮವಾರ ಮಾಡುತ್ತಿದ್ದೇವೆ. ಅದರ ಅನುಭವದಿಂದ ನಾಲ್ಕು ಮಾತು.

ಜಾಗ ಅಂಗನವಾಡಿಯಾದರೆ ಒಳ್ಳೆಯದು, ಕಾರ್ಯಕರ್ತೆಗೂ ಬಲ ಬರುತ್ತದೆ. ಪ್ರತಿ ಅಂಗನವಾಡಿಗೂ ಬಾಲವಿಕಾಸ ಸಮಿತಿ ಇರುತ್ತದೆ, ಅದರ ಸಭೆಯಲ್ಲೇ ದಿನ ಗೊತ್ತುಮಾಡಿ. ಅಂಗನವಾಡಿ ಇಲ್ಲದ ಕಡೆ ಯಾರದಾದರೂ ಅಂಗಳ, ಖಾಲಿ ಕಣ. ಒಂದು ಸಲಕ್ಕೆ ಒಂದೇ ಕೆಲಸ ಇಟ್ಟುಕೊಳ್ಳಿ. ಮಣ್ಣಾದರೆ ಮಣ್ಣು, ಎಲೆಯಾದರೆ ಎಲೆ. ಪ್ರತಿ ಮಗುವಿನ ಜೊತೆ ಅದರ ಮನೆಯ ದೊಡ್ಡವರೊಬ್ಬರು ಇರಲೇಬೇಕು. ಬಿಟ್ಟು ಹೋಗುವಂತಿಲ್ಲ. ದೊಡ್ಡವರು ಮಗುವಿನ ಕೈಯಿಂದ ಕಿತ್ತುಕೊಂಡು ತಾವೇ ಚಂದ ಮಾಡಿ ಕೊಡಬಾರದು. ಎತ್ತು ನಾಯಿಯ ಹಾಗೆ ಕಂಡರೂ ಇರಲಿ. ಬಹುಮಾನ ಬೇಡ, ಸ್ಪರ್ಧೆ ಬೇಡ, ಭಾಷಣವಂತೂ ಬೇಡವೇ ಬೇಡ. ಮೊಬೈಲು ಮೂಲೆಯ ಬುಟ್ಟಿಗೆ. ಕೊನೆಗೆ ಸಾಬೂನಿನಿಂದ ಕೈ ತೊಳೆದು ಎಲ್ಲರೂ ಕೂಡಿ ಅವಲಕ್ಕಿಯೋ ಬೇಯಿಸಿದ ಗೆಣಸೋ ತಿನ್ನುವುದು. ಖರ್ಚು ಅಷ್ಟೇ.

ನಮ್ಮಲ್ಲಿ ಮೊದಲು ಗಂಡಸರು ದೂರ ನಿಂತು ನಗುತ್ತಿದ್ದರು. ಈಗ ದಂಟಿನ ಬಂಡಿ ಮಾಡುವಾಗ ಯಾರದು ಗಟ್ಟಿ ಎಂದು ಅವರಲ್ಲೇ ಪೈಪೋಟಿ. ಒಂದು ಗೌಳಿ ಮನೆಯ ಮಗು ಬಹಳ ದಿನ ತಾಯಿಯ ಸೆರಗು ಬಿಟ್ಟಿರಲಿಲ್ಲ. ಈಗ ಅದೇ ಉಳಿದವರಿಗೆ ಎಮ್ಮೆ ಹೇಗೆ ಮಾಡಬೇಕೆಂದು ಮರಾಠಿಯಲ್ಲಿ ಹೇಳಿಕೊಡುತ್ತದೆ. ಕನ್ನಡದ ಮಕ್ಕಳಿಗೆ ಅರ್ಥವಾಗುತ್ತದೆ. ಇದರಿಂದ ಅವರೆಲ್ಲ ಮುಂದೆ ದೊಡ್ಡ ಸಾಹೇಬರಾಗುತ್ತಾರೆಂದು ನಾನು ಹೇಳಲಾರೆ. ಒಂದು ತೋಟಕ್ಕೆ ಎರಡು ವರ್ಷದಲ್ಲಿ ಫಲ ಕೇಳುವವನು ಕೃಷಿಕನೇ ಅಲ್ಲ.

ನಮ್ಮ ಹಾಲಿನ ಸಂಘಗಳು, ಸ್ತ್ರೀಶಕ್ತಿ ಗುಂಪುಗಳು, ಸೊಸಾಯಿಟಿಗಳು ವಾರ್ಷಿಕ ಸಭೆಗೆ ಶಾಮಿಯಾನ ಹಾಕಿ ಎಷ್ಟೋ ಖರ್ಚು ಮಾಡುತ್ತವೆ. ಅದರಲ್ಲಿ ಒಂದಂಶ ಊರ ಸಣ್ಣ ಮಕ್ಕಳ ಆಟಕ್ಕೆ ಇಡಲಿ. ಏನೂ ಬೇಡವೆಂದರೆ ಇಷ್ಟಾದರೂ ಮಾಡಿ. ಬರುವ ಮಣ್ಣೆತ್ತಿನ ಅಮಾವಾಸ್ಯೆಗೆ ಸಂತೆಯಿಂದ ಎತ್ತು ತರಬೇಡಿ. ಒಂದು ಬುಟ್ಟಿ ಜೇಡಿ ತಂದು ಅಂಗಳಕ್ಕೆ ಸುರಿಯಿರಿ, ನೆರೆಯ ಮಕ್ಕಳನ್ನೂ ಅವರ ದೊಡ್ಡವರನ್ನೂ ಕರೆಯಿರಿ. ನಿಮ್ಮ ಕಡೆಯ ಆಟ, ಕೈಗೆಲಸ ಬೇರೆ ಇದ್ದರೆ ಈ ಪುಟಗಳಿಗೆ ಬರೆದು ತಿಳಿಸಿ. ನಮ್ಮ ಮಕ್ಕಳೂ ಅದನ್ನು ಆಡಲಿ.